ಅಡ್ಡಗಾಲು ತಂಡದ ಮೂರನೇ ಆಲ್ಬಮ್

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ‘ಅಡ್ಡಗಾಲು’ ತಂಡದ ಮೂರನೇ ಆಲ್ಬಮ್ ಮುಗಿಯಲು ಒಂದೇ ಹಾಡು ಬಾಕಿ ಇತ್ತು. ಹೇಳಬೇಕಾದವನಿಗೆ ಧ್ವನಿಯೇ ಇರಲಿಲ್ಲ.

ತಂಡವೆಂದರೆ ಒಂದೇ ಮನೆಯ ಮೂವರು. ಸಾಲು ಕಟ್ಟಿ ರ‍್ಯಾಪ್ ಹೇಳುವವನು ಅಣ್ಣ. ಬೀಟ್ ಕೂರಿಸಿ ರೆಕಾರ್ಡ್ ಮಾಡುವವಳು ಅವನ ಹೆಂಡತಿ. ತಮ್ಮನ ಕೆಲಸ, ಅಣ್ಣನಿಗೆ ಉಸಿರು ಸಾಲದ ಕಡೆ ಸಾಲಿನ ಕೊನೆಯ ಪದವನ್ನು ಜೊತೆಗೂಡಿ ಕೂಗುವುದು. ಅದಕ್ಕೇ ಅವನಿಗೆ ಬಾಲ ಎಂದು ಹೆಸರು ಬಿದ್ದಿತ್ತು. “ಬೊಗಳೋಕೆ ನಾನಿದೀನಿ, ನೀನು ಅಲ್ಲಾಡ್ತಾ ಇರು ಸಾಕು,” ಎಂದು ಅಣ್ಣ ವೇದಿಕೆಯ ಮೇಲೇ ಛೇಡಿಸುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಮೊದಲನೆಯದು ಕ್ಯಾಸೆಟ್. ಸದ್ದು ತಡೆಯಲು ಗೋಡೆಗೆ ಕಂಬಳಿ ಹೊಡೆದು, ಕೆಳಗೆ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಸುಮ್ಮನಾದಾಗಲೆಲ್ಲ ಎರಡೆರಡು ಸಾಲು ಮುದ್ರಿಸಿ, ಹೆಗಲಚೀಲದಲ್ಲಿ ಹೊತ್ತು ಮಾರಿದ್ದರು. ಎರಡನೆಯದು ಸಿ.ಡಿ.; ಬಸ್ಸುಗಳಲ್ಲಿ, ಸಲೂನುಗಳಲ್ಲಿ ಕೇಳಿಸಿತು. ಆಮೇಲೆ ಹೊಸ ಹುಡುಗರು ಬಂದರು, ಇವರನ್ನು ಕರೆಯುವವರು ಕಡಿಮೆಯಾದರು. ಬಹಳ ವರ್ಷ ಬಿಟ್ಟು ಮೂರನೆಯದಕ್ಕೆ ಕೈ ಹಾಕಿದರೆ ಅಣ್ಣನ ಗಂಟಲು ಕೈಕೊಟ್ಟಿತು. ಡಾಕ್ಟರು ಅಲ್ಲಿ ಬೆಳೆದಿದ್ದ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದರು. ಈಗ ಅವನ ಉಸಿರಾಟವೆಲ್ಲ ಕೊರಳಿನ ತೂತಿನಲ್ಲಿ. ಮಾತೆಂದರೆ ತುಟಿ ಆಡಿಸುವುದು, ಕೈ ಮಾಡುವುದು.

ಉಳಿದ ಹಾಡನ್ನು ತಮ್ಮನೇ ಹೇಳಲಿ ಎಂದು ಸೂಚಿಸಿದವನು ಅಣ್ಣ. ಆದರೆ ಅದರಲ್ಲಿ ತಾನೂ ಇರಬೇಕೆಂದು ಎದೆ ಮುಟ್ಟಿ ತೋರಿಸಿದ. ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹಾಡು ತಮ್ಮನಿಗೆ ಬಾಯಿಪಾಠ. ಆದರೂ ಬೀಟ್ ಶುರುವಾದರೆ ಬಾಯಿ ತೆರೆದುಕೊಂಡು ನಿಂತುಬಿಡುತ್ತಿದ್ದ.

“ಏನೋ, ಮುಹೂರ್ತ ನೋಡ್ತಿದೀಯಾ?” ಎಂದಳು ಅತ್ತಿಗೆ.

“ಅಣ್ಣ ಎತ್ಕೊಳ್ಲಿ ಅಂತ ಕಾಯ್ತೀನಿ ಅತ್ತಿಗೆ. ಸಾಲು ಮುಗ್ಸೋದಷ್ಟೇ ನಂಗೆ ಗೊತ್ತಿರೋದು.”

ಅಣ್ಣ ಸ್ಟೂಲ್ ಎಳೆದುಕೊಂಡು ಮೈಕಿನ ಆಚೆ ಕೂತ. ಬೀಟ್ ಬಂದೊಡನೆ ತುಟಿಯಲ್ಲೇ ಸಾಲು ಎತ್ತಿದ. ಆ ತುಟಿಯ ಹಿಂದೆಯೇ ತಮ್ಮ ಹೊರಟ:

ಬಾಗಿಲು ದಾಟಿದ್ರೆ ಬೀದಿ, ಬೀದಿ ದಾಟಿದ್ರೆ ಗೋಡೆ,
ಗೋಡೆ ಮೇಲೆ ನನ್ನ ಹೆಸರು, ಹೆಸರಿನ ಮೇಲೆ ಸುಣ್ಣ.

ಹಾಡು ಮುಗಿಯಿತು. ಸಾಲುಗಳ ಕೊನೆಗಳು ಮಾತ್ರ ಸೊರಗಿದ್ದವು. “ಬಾಲಕ್ಕೊಂದು ಬಾಲ ಬೇಕಲ್ಲಪ್ಪ,” ಎಂದಳು ಅತ್ತಿಗೆ.

ಅಣ್ಣ ಕೈ ಎತ್ತಿದ. ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತ. ಪ್ರತಿ ಸಾಲಿನ ಕೊನೆಗೂ ತುಟಿ ಬಡಿದ ಸಣ್ಣ ಸದ್ದು, ಜೊತೆಗೆ ಕೊರಳಿನಿಂದ ಸುಂಯ್ ಎನ್ನುವ ಗಾಳಿ. ಮುಗಿಸುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಆದರೆ ಆಪರೇಷನ್ ಆದಮೇಲೆ ಅವನ ಮುಖದಲ್ಲಿ ಅಷ್ಟು ಗೆಲುವು ಕಂಡದ್ದು ಅದೇ ಮೊದಲು.

ಮುಂದಿನ ವಾರ ತಮ್ಮ ಮೊದಲೇ ಬಂದು, ಸಿದ್ಧವಾದ ಹಾಡು ಕೇಳಿದ.

“ಅತ್ತಿಗೆ, ಅಣ್ಣಂದು ಎಲ್ಲಿ?”

“ತೆಗೆದೆ.”

“ಸಣ್ಣಗಾದ್ರೂ ಇಡಬಹುದಿತ್ತಲ್ಲ?”

“ಇಟ್ಟು ನೋಡ್ದೆ ಕಣೋ. ರಾತ್ರಿಯೆಲ್ಲ ಪಕ್ಕದಲ್ಲಿ ಮಲ್ಕೊಂಡು ಆ ಸದ್ದು ಕೇಳೋಳು ನಾನು. ಎಲ್ಲಿ ನಿಂತುಹೋಗತ್ತೋ ಅಂತ ಜೀವ ಕೈಲಿ ಹಿಡ್ಕೊಂಡಿರ್ತೀನಿ. ಹಾಡಲ್ಲೂ ಅದೇ ಇರ್ಲಿ ಅಂತೀಯಾ?”

“ಅವನಿಗೆ ಹೇಳಿದೀರಾ?”

ಅವಳು ತಂತಿ ಸುತ್ತತೊಡಗಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಣ್ಣನ ಹೆಜ್ಜೆ ಕೇಳಿಸಿತು.

ಅಣ್ಣ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ಸಾಲು ಮುಗಿದಾಗಲೆಲ್ಲ ತುಟಿ ಆಡುತ್ತಿತ್ತು. ಅರ್ಧಕ್ಕೆ ಹುಬ್ಬು ಗಂಟಾಯಿತು. ಇನ್ನೊಮ್ಮೆ ಎಂದು ಬೆರಳು ತಿರುಗಿಸಿದ. ಎರಡನೇ ಸಲ ತಾನೇ ಸದ್ದು ಜಾಸ್ತಿ ಮಾಡಿ, ಅಂಗೈಯಿಂದ ಕಿವಿ ಒತ್ತಿ ಹಿಡಿದ. ಕೊನೆಗೆ ಹೆಡ್‌ಫೋನ್ ತೆಗೆದು ತಮ್ಮನ ಕಿವಿಗಿಟ್ಟು, ಹುಬ್ಬಲ್ಲೇ ಕೇಳಿದ: ನಾನಿದ್ದೀನಾ?

ತಮ್ಮ ಅತ್ತಿಗೆಯ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ.

“ಇದೀಯಲ್ಲೋ ಅಣ್ಣ, ಚೆನ್ನಾಗೇ ಕೇಳ್ತಿದೆ,” ಎಂದ ತಮ್ಮ. ನಗುವುದಕ್ಕೂ ಪ್ರಯತ್ನಿಸಿದ. “ಏನು, ಕಿವೀನೂ ಹೋಯ್ತಾ ನಿಂದು?”

ಅಣ್ಣ ನಗಲಿಲ್ಲ. ಒಂದು ಕಿವಿಯನ್ನು ಉಜ್ಜಿಕೊಂಡ, ಆಮೇಲೆ ಇನ್ನೊಂದನ್ನು. ಇರಬಹುದು ಎಂಬಂತೆ ನಿಧಾನವಾಗಿ ತಲೆಯಾಡಿಸಿ, ಹಾಡನ್ನು ಹಾಗೇ ಬಿಡುಗಡೆಗೆ ಕಳಿಸಿಬಿಡು ಎಂದು ಹೆಂಡತಿಗೆ ಕೈ ಮಾಡಿದ.