ಅಂಗಾತ ನಡೆದವನು

ನಾನು ಒಂದು ಹೂದುಂಬಿ, ಜೇನಿನ ಜಾತಿಯಲ್ಲ, ಗಟ್ಟಿ ಚಿಪ್ಪಿನದು. ಹುಟ್ಟಿದ್ದು ಬೆಟ್ಟದ ಕಾಡಿನಲ್ಲಿ, ಉರುಳಿಬಿದ್ದ ಮರದ ಪೊಟರೆಯೊಳಗೆ. ಆಗ ರೆಕ್ಕೆ ಎಲ್ಲಿತ್ತು? ಬೆಳ್ಳಗೆ ಮುದುಡಿದ ಗೊಣ್ಣೆಹುಳು ನಾನು. ಕೊಳೆತ ಎಲೆ, ಪುಡಿಯಾದ ಮರ, ಇವೇ ಮೃಷ್ಟಾನ್ನ. ಆದರೆ ಒಂದೆಡೆ ಕೂತು ಉಂಡವನಲ್ಲ. ಸದಾ ಇನ್ನೊಂದು ಮೂಲೆಗೆ ಹೋಗಬೇಕು ಅನ್ನಿಸುತ್ತಿತ್ತು.

ಪಕ್ಕದಲ್ಲಿ ಇನ್ನೊಬ್ಬನಿದ್ದ, ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ. ನೋಡುವವರಿಗೆ ನಾವಿಬ್ಬರೂ ಒಂದೇ. ಅವನು ಮಗ್ಗುಲಾಗಿ ಮಲಗಿ ಮೇಯುತ್ತಲೇ ಇರುತ್ತಿದ್ದ. ನಾನು ಕಾಲು ಮೇಲೆ ಮಾಡಿ ಬೆನ್ನಿನ ಮೇಲೆ ತೆವಳುವವನು. ನಮ್ಮ ಕುಲದ ನಡಿಗೆಯೇ ಹಾಗೆ.

"ಆಕಾಶ ಬೀಳುತ್ತೆ ಅಂತ ಕಾಲು ಕೊಟ್ಟಿದ್ದೀಯೇನೋ?" ಎಂದು ಹಂಗಿಸುತ್ತಿದ್ದ. ನನಗೆ ಅವನೆಂದರೆ ಇಷ್ಟ.

ಒಂದು ಬೆಳಿಗ್ಗೆ ಸಿದ್ದಗಂಗಮ್ಮ ಮತ್ತು ಅವರ ಸೊಸೆ ಶೈಲಜ ಕಾಡಿನ ಗೊಬ್ಬರಕ್ಕೆಂದು ಬಂದರು. ಪೊಟರೆಯ ಪುಡಿಯ ಜೊತೆ ನಮ್ಮನ್ನೂ ಮಂಕರಿಗೆ ತುಂಬಿಕೊಂಡು ಹೋಗಿ ಹಿತ್ತಲಲ್ಲಿ ಸುರಿದರು. ಬಿಸಿಲು ಚುರ್ ಎಂದಿತು. ಅಲ್ಲೊಂದು ತೆಂಗಿನ ಸಸಿ ಇತ್ತು. ಮಗಳು ಹುಟ್ಟಿದಾಗ ಶೈಲಜ ನೆಟ್ಟದ್ದು. ಅದರ ಹೊಸ ಗರಿಯನ್ನು ಯಾರೋ ಕತ್ತರಿಯಾಡಿಸಿದಂತೆ ಕೊಂಬಿನ ದುಂಬಿ ಕಡಿದು ಹಾಕಿತ್ತು.

"ಇವೇ ಅಲ್ವಾ ಅತ್ತೆ, ನನ್ ಮಗಳ ಗಿಡ ತಿಂದಿದ್ದು?"

"ಇವಲ್ಲ ಕಣೆ, ಇವರಪ್ಪ. ಇವು ರೆಕ್ಕೆ ಬಂದ್ಮೇಲೆ ತಿನ್ತವೆ."

ಅಷ್ಟು ಸಾಕಾಯಿತು. ಶೈಲಜ ನನ್ನ ಗೆಳೆಯನನ್ನು ಎತ್ತಿ ಕೋಳಿಯ ಮುಂದೆ ಎಸೆದಳು. ಅವನು ಮುದುಡಿದ್ದವನು ಮುದುಡಿದ್ದಂತೆಯೇ ಹೋದ. ನಾನು ಬೆನ್ನಿನ ಮೇಲೆ ಓಡಿದೆ. ಅಂಗಾತ ಓಡುವವನಿಗೆ ಮೇಲಿನಿಂದ ಬರುವ ಕೈ ಪೂರ್ತಿ ಕಾಣುತ್ತದೆ.

"ತಡ್ಯೇ!" ಎಂದರು ಸಿದ್ದಗಂಗಮ್ಮ. "ಕಾಲ್ ಮೇಲ್ ಮಾಡ್ಕಂಡು ಓಡ್ತೈತೆ ನೋಡು. ಅದು ಸುಳಿ ತಂಟೆಗೆ ಹೋಗಲ್ಲ. ಗೊಬ್ಬರ ಮಾಡ್ಕೊಂಡಿರ್ಲಿ, ಬಿಡು."

ಶೈಲಜ ಬಿಟ್ಟಳು. ಆಮೇಲೆ ಎಷ್ಟು ತಿಂದರೂ ರುಚಿಸಲಿಲ್ಲ. ಅವನು ತೆಂಗಿನ ಮರವನ್ನು ಕಣ್ಣಾರೆ ಕಂಡವನೂ ಅಲ್ಲ. ಹಾಗೆಂದು ಅವನು ಬದುಕಿದ್ದರೆ ಆ ಸಸಿ ಉಳಿಯುತ್ತಿತ್ತೇ? ಅದನ್ನೂ ಹೇಳಲಾರೆ.

ಮಣ್ಣಿನ ಗೂಡು ಕಟ್ಟಿ ಮಲಗಿದೆ. ಹಸಿರು ರೆಕ್ಕೆ ಹೊತ್ತು ಎದ್ದೆ. ಹೂವಿಂದ ಹೂವಿಗೆ ಹಾರಿದೆ, ಎಲ್ಲೂ ನಿಲ್ಲಲಿಲ್ಲ. ಈಗ ಮುದಿಯಾಗಿದ್ದೇನೆ, ರೆಕ್ಕೆಯಂಚು ಹರಿದಿದೆ. ಇಂದು ಅದೇ ಹಿತ್ತಲಿಗೆ ಬಂದೆ. ಸಸಿ ಹೊಸ ಸುಳಿ ಬಿಟ್ಟಿತ್ತು. ಗರಿಯ ಮೇಲೆ ಕೂರಲು ಹೋಗಿ ಜಾರಿ ಬಿದ್ದೆ, ಅಂಗಾತ. ಹುಳುವಾಗಿದ್ದಾಗ ಓಡಿದ ಬೆನ್ನು ಈಗ ಅಲುಗಲಿಲ್ಲ. ಕೋಳಿ ಹತ್ತಿರ ಬಂತು.

ಶೈಲಜ ಅದನ್ನು ಓಡಿಸಿ ಬಗ್ಗಿ ನೋಡಿದಳು.

"ಕಾಲ್ ಮೇಲ್ ಮಾಡ್ಕಂಡೈತೆ. ಇದು ಒಳ್ಳೇದು," ಎನ್ನುತ್ತಾ ಕಡ್ಡಿಯಿಂದ ನನ್ನನ್ನು ಮಗುಚಿದಳು.

ಅಯ್ಯೋ ತಾಯಿ, ಬಿದ್ದ ದುಂಬಿ ಯಾವುದಾದರೂ ಕಾಲು ಮೇಲೆ ಮಾಡಿಯೇ ಇರುತ್ತದೆ! ನನ್ನ ಗೆಳೆಯನೂ ರೆಕ್ಕೆ ಬಂದು ಇಲ್ಲಿ ಬಿದ್ದಿದ್ದರೆ, ಅವನನ್ನೂ ನೀನು ಹೀಗೇ ಬಿಡುತ್ತಿದ್ದೆ.