ಎಡಗಡೆಯ ಹೋಲ್‌ಸ್ಟರ್

ನನ್ನ ತಮ್ಮ ಬ್ಯಾಂಕಿನಲ್ಲಿ ಕಾವಲುಗಾರನಾಗಿದ್ದ. ಅವನ ಪಿಸ್ತೂಲಿಗೆ ಚರ್ಮದ ಹೋಲ್‌ಸ್ಟರ್ ಹೊಲಿದುಕೊಡುತ್ತಿದ್ದವನು ನಾನೇ. ಎರಡು ವರ್ಷದ ಹಿಂದೆ ಒಂದು ದಿನ ಬಂದು ಹಳೆಯದನ್ನು ನನ್ನ ಮೇಜಿನ ಮೇಲಿಟ್ಟ.

“ಅಣ್ಣಾ, ಈ ಸಲ ಎಡಗಡೆಗೆ ಮಾಡಿಕೊಡು.”

“ಯಾಕೋ, ಬಲಗೈ ರಾಜೀನಾಮೆ ಕೊಡ್ತಾ?”

“ರಜೆ ಹಾಕಿದೆ.”

“ನಿನ್ನ ಬಾಯಿ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ,” ಎಂದಳು ಒಳಗಿನಿಂದ ನನ್ನ ಹೆಂಡತಿ.

“ಅದಕ್ಕೆ ಸಂಬಳ ಕೊಡೋರಿಲ್ಲ ಅತ್ತಿಗೆ, ಪಾಪ, ಸೇವೆ ಮಾಡುತ್ತೆ.”

ನೆನೆಸಿದ ಚರ್ಮವನ್ನು ಅದೇ ಅಳತೆಯ ಮರದ ಪಿಸ್ತೂಲಿಗೆ ಸುತ್ತಿ, ಬೆರಳಿನಿಂದ ಒತ್ತಿ ಒತ್ತಿ ಅಚ್ಚು ತೆಗೆಯಬೇಕು. ಹಸಿ ಚರ್ಮಕ್ಕೆ ಉಗುರು ತಾಗಿದರೂ ಗೆರೆ ಉಳಿಯುತ್ತದೆ. ನಾನು ತುದಿಯ ಕಡೆ ಒತ್ತುತ್ತ, ಹಿಡಿಯ ಕಡೆ ಅದುಮಿ ಹಿಡಿದುಕೊ ಎಂದು ಅವನಿಗೆ ಹೇಳಿದೆ. ಎರಡೂ ಕೈಯಿಂದ ಹಿಡಿದ. ಬಿಟ್ಟಾಗ, ಎಡಗೈ ಹೆಬ್ಬೆರಳಿನ ಗುಳಿ ಆಳವಾಗಿ ಮೂಡಿತ್ತು. ಬಲಗೈ ಇದ್ದ ಕಡೆ ಚರ್ಮ ನುಣ್ಣಗಿತ್ತು.

ಅವನೂ ನೋಡಿದ.

“ನರ ಸೊರಗೋ ಕಾಯಿಲೆಯಂತೆ. ಔಷಧಿ ಇಲ್ಲ ಅಂದ್ರು. ಯಾರಿಗೂ ಹೇಳಬೇಡಣ್ಣ. ಮುಂದಿನ ತಿಂಗಳು ಕಾವಲುಗಾರರಿಗೆ ಪರೀಕ್ಷೆ ಇದೆ, ಮೂರು ಎಣಿಸೋದರೊಳಗೆ ಪಿಸ್ತೂಲು ತೆಗೀಬೇಕು. ಮಗಳ ಓದು ಮುಗಿಯೋವರೆಗೆ ಕೆಲಸ ಉಳಿದರೆ ಸಾಕು.”

ಕೈ ಸೋತವನ ಸೊಂಟಕ್ಕೆ ಪಿಸ್ತೂಲು ಕಟ್ಟುವುದು ಸರಿಯೇ ಎಂದು ದೇವರನ್ನು ಕೇಳಿದೆ. ಸೂಜಿಗೆ ದಾರ ಪೋಣಿಸಿದೆ.

ಪಿಸ್ತೂಲು ಜಾರದಂತೆ ಮೇಲೊಂದು ಪಟ್ಟಿ, ಅದಕ್ಕೊಂದು ಒತ್ತುಗುಂಡಿ ಇರುತ್ತದೆ. ಪಟ್ಟಿಯ ತುದಿಯನ್ನು ಅರ್ಧ ಅಂಗುಲ ಉದ್ದ ಬಿಟ್ಟು, ಹೆಬ್ಬೆರಳು ತಾಗಿಸಿದರೆ ಬಿಚ್ಚಿಕೊಳ್ಳುವಷ್ಟು ಗುಂಡಿಯನ್ನು ಸಡಿಲಿಸಿದೆ. ತಮ್ಮ ಪಾಸಾದ.

ಐದು ತಿಂಗಳಿಗೆ ಮತ್ತೆ ಬಂದ. ನನ್ನೆದುರು ಕೂತು ಎಡ ಹೆಬ್ಬೆರಳಿನಿಂದ ಪಟ್ಟಿಯನ್ನು ಒತ್ತಿದ. ಗುಂಡಿ ಬಿಚ್ಚಿಕೊಳ್ಳಲಿಲ್ಲ. ಇನ್ನೊಮ್ಮೆ ಒತ್ತಿದ.

“ಇನ್ನೊಂದು ಚೂರು ಸಡಿಲ ಮಾಡಣ್ಣ.”

“ಇದಕ್ಕಿಂತ ಸಡಿಲ ಮಾಡಿದರೆ ನಡೆಯುವಾಗಲೇ ಬಿಚ್ಚಿಕೊಳ್ಳುತ್ತೋ. ದಾರಿಯಲ್ಲಿ ಹೋಗೋನು ಕಿತ್ಕೊಂಡು ಹೋಗ್ತಾನೆ.”

“ಹಾಗಾದರೆ ಏನು ಮಾಡೋದು?”

ನಲವತ್ತು ವರ್ಷದ ಕಸುಬು ನನ್ನದು. ಉಳಿ, ಸುತ್ತಿಗೆ, ಕತ್ತಿ ಎಲ್ಲವೂ ಕೈಗೆಟುಕುವಲ್ಲೇ ಇದ್ದವು. ಒಂದನ್ನೂ ಎತ್ತಿಕೊಳ್ಳಲಾಗಲಿಲ್ಲ. ಅವನು “ಹೋಗಲಿ ಬಿಡು,” ಎಂದು ನನ್ನನ್ನೇ ಸಮಾಧಾನಪಡಿಸಿದ. ಮರುದಿನ ತಾನೇ ಬ್ಯಾಂಕಿಗೆ ಹೋಗಿ ಪಿಸ್ತೂಲು ಒಪ್ಪಿಸಿ, ಕೆಲಸ ಬಿಟ್ಟು, ಹೋಲ್‌ಸ್ಟರನ್ನು ನನಗೆ ತಂದುಕೊಟ್ಟ.

ದೇವರು ಅವನನ್ನು ಕರೆದುಕೊಂಡು ಮೂರು ತಿಂಗಳಾಯಿತು. ಹೋಲ್‌ಸ್ಟರ್ ನನ್ನ ಮೇಜಿನ ಮೇಲ್ಗಡೆ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಚರ್ಮ ಹಸಿಯಿದ್ದಾಗಲೇ ನುಣುಪು ಮಾಡುವ ಮೂಳೆಯಿಂದ ಉಜ್ಜಿದ್ದರೆ ಆ ಹೆಬ್ಬೆರಳಿನ ಗುಳಿ ಮಾಸಿಹೋಗುತ್ತಿತ್ತು. ಅಂದು ಮನಸ್ಸು ಬರಲಿಲ್ಲ.

ಅವನ ಮಗಳು ಓದು ಬಿಟ್ಟು ಬಟ್ಟೆ ಅಂಗಡಿ ಸೇರಿದ್ದಾಳೆ. ಮೊನ್ನೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದವಳು ಆ ಗುಳಿಯ ಮೇಲೆ ಬೆರಳಾಡಿಸಿದಳು.

“ಇದೇನು ದೊಡ್ಡಪ್ಪ, ಇಲ್ಲಿ ಕೆಲಸ ಕೆಟ್ಟಿದೆಯಲ್ಲ?”

“ಹೌದು ಕಣಮ್ಮ, ಕೆಟ್ಟಿದೆ,” ಎಂದೆ.