ಸೋಮಮ್ಮನ ಮುಯ್ಯಿ

ಚಾಮರಾಜನಗರದ ನಮ್ಮ ರೇಷ್ಮೆ ಕಾರ್ಖಾನೆಯ ಸಾಹುಕಾರರು ಶಾಂತಮಲ್ಲಪ್ಪನವರು ಯಾರನ್ನೂ ಬೈದವರಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ‘ತಾಯಿ’. ಬೈಯುವ ಯಜಮಾನನನ್ನಾದರೂ ನಂಬಬಹುದು, ಅವನ ಹೊಟ್ಟೆಯಲ್ಲಿರುವುದು ನಮ್ಮ ಕಿವಿಗೆ ಬೀಳುತ್ತದೆ. ಇವರ ಹೊಟ್ಟೆಯಲ್ಲಿರುವುದು ಬೆಟ್ಟದ ಮಾದಪ್ಪನಿಗೇ ಗೊತ್ತು.

ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ಬಾಣಲೆಯಲ್ಲಿ ಬೆರಳು ಅದ್ದಿ, ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯುವವರು ನಾವು ಹೆಂಗಸರು. ಮಧ್ಯಾಹ್ನ ಮುದ್ದೆ ನುಂಗುವುದಕ್ಕೆ ಅರ್ಧ ಗಂಟೆ ಬಿಡುವು ಕೇಳಿದೆವು. ಕಾನೂನಿನಲ್ಲೇ ಇದೆಯಂತೆ ಎಂದೆವು. “ಆಗ್ಲಿ ತಾಯಿ” ಎಂದರು. ಮುಂದಿನ ವಾರ ನೋಡಿದರೆ ಅರ್ಧ ಬಾಣಲೆಗಳ ಕೆಳಗೆ ಬೆಂಕಿಯೇ ಇಲ್ಲ.

“ಗೂಡು ಬತ್ತಾ ಇಲ್ಲ ಕಣ್ರವ್ವ. ಅರ್ಧ ಜನಕ್ಕ ಮಾತ್ರ ಕೆಲ್ಸ. ಯಾರ್ ಬತ್ತೀರೋ ನೀವೇ ನೋಡ್ಕಳಿ” ಎಂದರು. ಉಗ್ರಾಣದಲ್ಲಿ ಗೂಡಿನ ಮೂಟೆಗಳು ಸೂರು ಮುಟ್ಟುತ್ತಿದ್ದವು. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಬಿಡುವು ಕೇಳಿದ್ದಿರಲ್ಲ, ತೆಗೆದುಕೊಳ್ಳಿ ಬಿಡುವು ಎಂಬ ಹಾಗಿತ್ತು.

ಮೊದಲ ದಿನ ಗೇಟಿನಲ್ಲಿ ನೂಕಾಟವಾಯಿತು. ಬಸುರಿ ರಾಚಮ್ಮ ಬಿದ್ದು ಮೊಣಕಾಲು ತರಚಿಕೊಂಡಳು. ಆಗ ಮುಂದೆ ಬಂದವಳು ಉಮ್ಮತ್ತೂರಿನ ಸೋಮಮ್ಮ. ನಿಜಕ್ಕೂ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಬೇಕಾದವಳು ಅವಳೇ. ಅವಳ ಗಂಡ ದೊಡ್ಡಬೀರಯ್ಯ ಗುಂಡ್ಲುಪೇಟೆಯ ಮಂಡಿಯಲ್ಲಿ ಲಾರಿಗೆ ಈರುಳ್ಳಿ ಮೂಟೆ ಹೊರುತ್ತಿದ್ದವನು ಸೊಂಟ ಮುರಿದುಕೊಂಡು ಚಾಪೆ ಹಿಡಿದಿದ್ದ. ಮಗ್ಗುಲು ಹೊರಳಿಸುವುದಕ್ಕೂ ಇವಳ ಕೈಯೇ ಬೇಕು.

“ನಾಚ್ಕ ಆಗಲ್ವಾ ನಮ್ಗ?” ಎಂದಳು. “ಕಳೆ ಕೀಳಕ್ಕ ಮುಯ್ಯಾಳು ಓಗಲ್ವಾ ನಾವು? ಇವತ್ತು ನಿನ್ನೊಲ, ನಾಳ ನನ್ನೊಲ. ಹಂಗೇ ಮಾಡನ. ಇವತ್ತು ಅರ್ಧ ಜನ ಬರ್ಲಿ, ನಾಳ ಮಿಕ್ಕೋರು. ಮನೇಲಿರೋರು ಕೆಲ್ಸಕ್ಕ ಬಂದೋರ ಮಕ್ಳ ನೋಡ್ಕಳನ.”

ಎಷ್ಟು ಸುಲಭವಾಗಿತ್ತು! ಹುಟ್ಟಿದಾಗಿನಿಂದ ಕಂಡ ಪದ್ಧತಿ, ಯಾರೂ ಎರಡನೆಯ ಮಾತಾಡಲಿಲ್ಲ. ಒಬ್ಬಳ ಸರದಿಯ ದಿನ ಇನ್ನೊಬ್ಬಳು ಗೇಟಿನ ಕಡೆ ತಲೆ ಹಾಕಲಿಲ್ಲ. ಸಾಹುಕಾರರಿಗೂ ಸುದ್ದಿ ಮುಟ್ಟಿತು. ಸೋಮಮ್ಮನನ್ನು ಕರೆಸಿ, ಎಲ್ಲರ ಎದುರಿಗೆ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು, “ಜಾಣೆ ಕಣಮ್ಮಿ ನೀನು. ಹಿಂಗೇ ಹೊಂದ್ಕಂಡು ಓಗಿ” ಎಂದರು. ಅವಳು ಕಾಯಿಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು.

ಹೊಂದಿಕೊಂಡರೂ ಅರ್ಧ ಹೊಟ್ಟೆ ಅರ್ಧವೇ. ಗುಂಡ್ಲುಪೇಟೆಯ ಮಂಡಿಗೆ ಬಾ, ಈರುಳ್ಳಿ ಆರಿಸುವ ಕೆಲಸವಿದೆ ಎಂದು ಅಲ್ಲಿಯವರು ಸೋಮಮ್ಮನಿಗೆ ಹೇಳಿ ಕಳಿಸುತ್ತಿದ್ದರು. ಹೋದರೆ ಅಲ್ಲೇ ಉಳಿಯಬೇಕು, ಗಂಡನನ್ನು ನಾದಿನಿಯ ಮನೆಯ ಜಗುಲಿಗೆ ಹಾಕಬೇಕು. “ಅವ್ಳು ನೀರೂ ಕೊಡಲ್ಲ ಕಣಕ್ಕ” ಎನ್ನುತ್ತಿದ್ದಳು ನನ್ನ ಹತ್ತಿರ.

ಆಗ ರಂಗನಾಯಕ ಆಸೆ ಹುಟ್ಟಿಸಿದ. ಮೈಸೂರಿನ ಮಿಲ್ಲಿನಲ್ಲಿ ದುಡಿದು ಬಂದು ಬಸ್ ನಿಲ್ದಾಣದ ಬಳಿ ಸೈಕಲ್ ಅಂಗಡಿ ಇಟ್ಟಿದ್ದವನು. ಐವತ್ತು ಜನರಿಗೆ ಕಡಿಮೆಯಿಲ್ಲದ ಕಾರ್ಖಾನೆಯಲ್ಲಿ ಯಜಮಾನ ಕೆಲಸ ಕೊಡದೆ ಹೋದರೆ, ಖಾಲಿ ಕೂತ ದಿನಗಳಿಗೆ ಅರ್ಧ ಕೂಲಿ ಕೊಡಬೇಕೆಂದು ಹೊಸ ಕಾನೂನು ಬಂದಿದೆ ಎಂದ. ನಾವು ಅದಕ್ಕಿಂತ ಹೆಚ್ಚೇ ಇದ್ದೆವು. ಅವನೇ ಅರ್ಜಿ ಬರೆದು ಹಾಕಿದ. ಪಾಪ, ಅವನಿಗೆ ಗೊತ್ತಿದ್ದದ್ದು ಅರ್ಧ ಕಾನೂನು.

ಮೈಸೂರಿನಿಂದ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನವರು, ನಮ್ಮನ್ನು ಕೂರಿಸಿ ಮಾತಾಡಿಸಿದರು. ಸಾಹುಕಾರರು ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು.

“ಕೆಲಸ ಇಲ್ಲದ ದಿನ ಗೇಟಿಗೆ ಬಂದು ಕೇಳ್ತಿದ್ರಾ ತಾಯಿ?” ಎಂದು ಅಧಿಕಾರಿ ಕೇಳಿದರು.

“ಯಾಕ್ ಬರನ ಬುದ್ಧಿ?” ಎಂದಳು ಸೋಮಮ್ಮ. “ಬಂದ್ರ ಇನ್ನೊಬ್ಳ ಅನ್ನ ಕಿತ್ಕಂಡಂಗಲ್ವಾ? ನಾವು ಮುಯ್ಯಿ ಮಾಡ್ಕಂಡಿದ್ದೊ. ಒಬ್ರೂ ತಪ್ಪಿಲ್ಲ.”

ನಾವೆಲ್ಲ ಹೌದು ಹೌದೆಂದು ತಲೆಯಾಡಿಸಿದೆವು. ಶಭಾಷ್ ಅನ್ನುತ್ತಾರೆ ಎಂದುಕೊಂಡಿದ್ದೆವು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು.

“ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದು, ಕೆಲಸ ಸಿಗದೆ ವಾಪಸ್ ಹೋದವರಿಗೆ ಮಾತ್ರ ಅರ್ಧ ಕೂಲಿ ತಾಯಿ. ನೀವು ಬಂದೇ ಇಲ್ಲ. ನೀವಾಗೇ ಮನೇಲಿ ಉಳಿದ ಹಾಗಾಯ್ತು.”

“ನಾನು ಯಾರನ್ನೂ ಬರಬೇಡಿ ಅಂದಿಲ್ಲ ಸ್ವಾಮಿ” ಎಂದರು ಸಾಹುಕಾರರು, ಮೆತ್ತಗೆ. “ಹೊಂದ್ಕಂಡು ಓಗೋ ಜನ.”

ಆ ತೆಂಗಿನಕಾಯಿ ಯಾಕೆ ಬಂತೆಂದು ನನಗೆ ಆಗ ತಿಳಿಯಿತು. ಆ ಕಾಯಿಯನ್ನು ಅವರ ವಿಭೂತಿಯ ಮೇಲೇ ಒಡೆಯಬೇಕಿತ್ತು. ಸೋಮಮ್ಮನಿಗೆ ಇನ್ನೂ ಅರ್ಥವಾಗಿರಲಿಲ್ಲ, “ಹಂಗಾರ ಯಾವತ್ತು ಕೊಟ್ಟಾರಕ್ಕ?” ಎಂದು ನನ್ನನ್ನೇ ಕೇಳಿದಳು.

ಮಾರನೆಯ ದಿನ ಎಲ್ಲರೂ ಗೇಟಿಗೆ ಓಡಿದೆವು. ಗುಮಾಸ್ತ ಒಳಗೆ ಬಿಡಲಿಲ್ಲ. ಹೇಳದೆ ಕೇಳದೆ ಗೈರುಹಾಜರಾದವರು ಎಂದು ಕೆಲವರ ಹೆಸರು ಹೊಡೆದುಹಾಕಿದ್ದರು. ಮೊದಲು ಸೋಮಮ್ಮನದು, ಆಮೇಲೆ ನನ್ನದು, ಆಮೇಲೆ ರಾಚಮ್ಮನದು. ಉಳಿದವರು ಐವತ್ತಕ್ಕೂ ಕಡಿಮೆ, ಇನ್ನು ಆ ಕಾನೂನು ಇವರ ಹೊಸ್ತಿಲು ತುಳಿಯುವುದಿಲ್ಲ ಎಂದು ರಂಗನಾಯಕ ತಲೆ ಮೇಲೆ ಕೈಹೊತ್ತು ಹೇಳಿದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಸುಮ್ಮನೆ ಹೇಳಿಲ್ಲ. ಮುಂದಿನ ತಿಂಗಳು ಎಲ್ಲ ಬಾಣಲೆಗಳ ಕೆಳಗೂ ಬೆಂಕಿ ಬಿತ್ತು, ಹೊಸ ಹೆಂಗಸರು ಬಂದು ಕೂತರು. ಅವರು ಹಾಜರಿ ಪುಸ್ತಕಕ್ಕೆ ಸೇರದ, ಐವತ್ತರ ಲೆಕ್ಕಕ್ಕೆ ಸಿಗದ ದಿನಗೂಲಿಯವರು.

ಸೋಮಮ್ಮ ಗಂಡನನ್ನು ನಾದಿನಿಯ ಜಗುಲಿಯಲ್ಲಿ ಮಲಗಿಸಿ ಗುಂಡ್ಲುಪೇಟೆಗೆ ಹೋದಳು. ಶಿವರಾತ್ರಿಯ ಹೊತ್ತಿಗೆ ಅವನು ತೀರಿಕೊಂಡ. ಸುದ್ದಿ ಮುಟ್ಟಿ ಇವಳು ಬಸ್ ಹತ್ತುವ ಹೊತ್ತಿಗೆ ಮಣ್ಣೂ ಆಗಿತ್ತು.

ಬೇರೆ ದಾರಿ ಕಾಣದೆ ನಾನೂ ಅದೇ ಮಂಡಿಗೆ ಹೋದೆ. ಸೋಮಮ್ಮ ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಂಡಳು. ಅಷ್ಟರಲ್ಲಿ ಮೇಸ್ತ್ರಿ ಬಂದು, ಇವತ್ತು ಲಾರಿ ಕಡಿಮೆ, ಅರ್ಧ ಜನ ಎದ್ದು ಹೋಗಿ ಎಂದ. ನಾನು ಅಭ್ಯಾಸದಂತೆ ಸೆರಗು ಕೊಡವಿ ಏಳಹೋದೆ. ಸೋಮಮ್ಮ ನನ್ನ ಕೈ ಹಿಡಿದು ಎಳೆದಳು.

“ಏಳ್ಬ್ಯಾಡ ಕಣಕ್ಕ. ಕೂತ್ಕ.”

ನಮ್ಮ ಎದುರಿಗೆ ತೆರಕಣಾಂಬಿಯ ಮುದುಕಿಯೊಬ್ಬಳು ಕೂತಿದ್ದಳು. ಅವಳನ್ನು ಮೇಸ್ತ್ರಿ ಏಳಿಸುತ್ತಿದ್ದ. ಅವಳು ಸೋಮಮ್ಮನ ಕಡೆ ತಿರುಗಿ, “ಮುಯ್ಯಿ ಮಾಡ್ಕಳನ ಕಣವ್ವ. ಇವತ್ತು ನಾ ಇರ್ತಿನಿ, ನಾಳ ನನ್ ಜಾಗ್ದಲ್ಲಿ ನೀ ಕೂತ್ಕ” ಎಂದು ಅಂಗಲಾಚಿದಳು.

ಸೋಮಮ್ಮ ತಲೆ ಎತ್ತಲಿಲ್ಲ. ಈರುಳ್ಳಿ ರಾಶಿಯನ್ನು ಎರಡೂ ಕೈಯಿಂದ ತನ್ನ ಕಡೆಗೆ ಎಳೆದುಕೊಂಡಳು.

“ಮುಯ್ಯಿಗಿಯ್ಯಿ ನನ್ಗ ಗೊತ್ತಿಲ್ಲ ಕಣಜ್ಜಿ” ಎಂದಳು. “ನೀನು ಎದ್ದೋಗು.”